ವೇಗಸ್ ರೆಸಾರ್ಟ್‌ನ ಸ್ಟೇಕ್‌ಹೌಸ್‌ನಲ್ಲಿ ನಾಲ್ಕು ಜನರ ಊಟ, 500 ಡಾಲರ್ ಒಳಗೆ ಆಗುತ್ತಾ?

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. 32 ಮಷಿನ್, ವಾಶಿಂಗ್ ಹೊರಗಡೆ ಮಾಡಿಸುತ್ತೇವೆ. ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಬಟ್ಟೆ ಮೇಳಕ್ಕೆ ಹೋಗುತ್ತಿದ್ದೇನೆ. ಮ್ಯಾಜಿಕ್ ಅಂತಾರಲ್ಲ, ಫೆಬ್ರವರಿಗೊಂದು ಆಗಸ್ಟ್‌ಗೊಂದು ನಡೆಯುತ್ತದೆ, ಅದೇ. ಸ್ವಂತ ಸ್ಟಾಲ್ ಹಾಕುವಷ್ಟು ದೊಡ್ಡವನಲ್ಲ. ಮುಂಬೈನ ಎಕ್ಸ್‌ಪೋರ್ಟರ್ ಒಬ್ಬರ ಸ್ಟಾಲ್‌ನಲ್ಲಿ ಒಂದು ರ್ಯಾಕ್ ನಮ್ಮದು. ಜೊತೆಗೆ ಅಕ್ಕನ ಮಗ ಬರುತ್ತಾನೆ. ಇಂಗ್ಲಿಷ್ ಅವನ ಪಾಲಿಗೆ, ಲೆಕ್ಕ ನನ್ನ ಪಾಲಿಗೆ.

ಹೋದ ಫೆಬ್ರವರಿಯಲ್ಲಿ ಕೈ ಸುಟ್ಟುಕೊಂಡೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಬೈಯರ್ ಒಬ್ಬರನ್ನು ದೊಡ್ಡ ರೆಸಾರ್ಟ್ ಒಂದರ ಸ್ಟೇಕ್‌ಹೌಸ್‌ಗೆ, ಅಂದರೆ ದನದ ಮಾಂಸದ ದಪ್ಪ ತುಂಡು ಸುಟ್ಟು ಕೊಡುವ ಹೋಟೆಲ್‌ಗೆ, ಕರೆದುಕೊಂಡು ಹೋಗಿದ್ದೆವು. ಹೆಸರು ಬೇಡ. ನಾನು ಕುರಿ, ಕೋಳಿ, ಮೀನು ತಿನ್ನುತ್ತೇನೆ. ದನದ ಮಾಂಸ ತಿನ್ನುವುದಿಲ್ಲ. ಅಳಿಯನೂ ಅಷ್ಟೇ. ಬೈಯರ್ ಮೆನು ನೋಡಿ ಯಾವುದೋ ವಾಗ್ಯೂ ಅನ್ನುವ ಜಪಾನಿ ದನದ ಮಾಂಸ ಹೇಳಿದರು. ಅದರ ಎದುರಿಗೆ 38 ಅಂತ ಇತ್ತು. ಉಳಿದದ್ದೆಲ್ಲ 70, 80, 90. ಪಾಪ, ನಮ್ಮ ಜೇಬು ನೋಡಿ ಕಡಿಮೆಯದ್ದೇ ಹೇಳಿದರಲ್ಲ ಅಂತ ಮನಸ್ಸಿನಲ್ಲೇ ಕೈ ಮುಗಿದೆ. ಬಿಲ್ ಬಂತು. ಆ 38 ಒಂದು ಔನ್ಸ್‌ಗೆ, ಅಂದರೆ 28 ಗ್ರಾಂಗೆ! ಅವರು ತಿಂದದ್ದು 6 ಔನ್ಸ್. 228 ಡಾಲರ್. ತುಂಡು ಇದ್ದದ್ದು ನನ್ನ ಅಂಗೈಯಷ್ಟು, ಬೆರಳು ಬಿಟ್ಟು.

ನೋಡಿ, ದಿನಾ ಔನ್ಸ್ ಲೆಕ್ಕದಲ್ಲೇ ಬದುಕುವವನು ನಾನು. ಜೀನ್ಸ್ ಬಟ್ಟೆಯ ತೂಕ ಹೇಳುವುದೇ ಔನ್ಸ್‌ನಲ್ಲಿ. 10 ಔನ್ಸ್ ಡೆನಿಮ್, 12 ಔನ್ಸ್ ಡೆನಿಮ್, ಕೈಯಲ್ಲಿ ಹಿಡಿದರೆ ಸಾಕು, ಹೇಳಿಬಿಡುತ್ತೇನೆ. ಅಂಥವನು ಔನ್ಸ್‌ನಲ್ಲೇ ಏಮಾರಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೂತ ಕೂಡಲೇ ವೇಟರ್ ಬಂದು 'ಸ್ಟಿಲ್ಲಾ, ಸ್ಪಾರ್ಕ್ಲಿಂಗಾ' ಅಂತ ಕೇಳಿದ, ಅಂದರೆ ಸಾದಾ ನೀರಾ, ಗ್ಯಾಸ್ ನೀರಾ ಅಂತ. ಅಳಿಯ 'ಸ್ಟಿಲ್' ಅಂದ. ನೀರು ತಾನೇ ಅಂತ ನಾನೂ ಸುಮ್ಮನಿದ್ದೆ. ನಾಲ್ಕು ಬಾಟಲಿ, ಒಂದೊಂದಕ್ಕೆ 11 ಡಾಲರ್. ಆಮೇಲೆ 'ಇವತ್ತಿನ ಸ್ಪೆಷಲ್' ಅಂತ ಏಡಿಯದ್ದೊಂದು ಬಾಯಲ್ಲೇ ಹೇಳಿದ, ಮೆನುವಿನಲ್ಲಿ ಇರಲಿಲ್ಲ. ತರಿಸಿದೆವು. 65. ತೆರಿಗೆ, ಟಿಪ್ಸ್ ಎಲ್ಲ ಸೇರಿ ಮೂರು ಜನಕ್ಕೆ 700 ಡಾಲರ್ ಹತ್ತಿರ. ಅರವತ್ತು ಸಾವಿರ ರೂಪಾಯಿ! ನಮ್ಮ ಯೂನಿಟ್‌ನಲ್ಲಿ ಮೂವರು ಟೈಲರ್‌ಗಳ ತಿಂಗಳ ಪಗಾರ ಅದು. ಸಾಲದ್ದಕ್ಕೆ ಆ ಬೈಯರ್ ಆರ್ಡರ್ ಕೊಡಲೇ ಇಲ್ಲ.

ಈ ಸಲ ಬೇರೆ ಇಬ್ಬರು. ಲಾಸ್ ಏಂಜಲಿಸ್‌ನವರು, ಗಂಡ ಹೆಂಡತಿ, ಆರೇಳು ಅಂಗಡಿ ಇವೆ. ಕಳಿಸಿದ ಸ್ಯಾಂಪಲ್ ಮೆಚ್ಚಿದ್ದಾರೆ. 'ಸ್ಟೇಕ್ ತಿನ್ನೋಣ, ನಾವಿಳಿದ ರೆಸಾರ್ಟ್‌ನಲ್ಲೇ ಚೆನ್ನಾಗಿರುತ್ತೆ' ಅಂತ ಅವರೇ ಬರೆದಿದ್ದಾರೆ. ಹಾಗಾಗಿ ಜಾಗ ಬದಲಿಸುವ ಮಾತಿಲ್ಲ. ನಾಲ್ಕು ಜನ, 500 ಡಾಲರ್. ಜುಗ್ಗ ಅನ್ನಿಸಿಕೊಳ್ಳಬಾರದು, ಏಮಾರಲೂಬಾರದು. ಹೇಗೆ?

ಸಿರುಗುಪ್ಪ ಭತ್ತ:

ಅಣ್ಣಾ, ಸ್ಟೇಕ್ ಯಾಕೆ, ಬಫೆಗೆ ಕರ್ಕೊಂಡು ಹೋಗಿ. ಸೀಸರ್ಸ್ ಪ್ಯಾಲೆಸ್‌ನ ಬಕನಾಲ್ ಬಫೆಯಲ್ಲಿ ಒಂದೇ ದರ, ಹೊಟ್ಟೆ ಒಡೆಯುವಷ್ಟು ತಿನ್ನಬಹುದು. ಇಲ್ಲಾಂದ್ರೆ ಒಗ್ಗರಣಿ, ಮಿರ್ಚಿ ಕಟ್ಕೊಂಡು ಹೋಗಿ ಕೊಡಿ, ಆರ್ಡರ್ ಗ್ಯಾರಂಟಿ.

ಕೌಲ್‌ಬಜಾರ್ ಕತ್ತರಿ:

ಮಿರ್ಚಿ ಹೊತ್ತುಕೊಂಡು ಹೋದರೆ ಏರ್‌ಪೋರ್ಟ್‌ನಲ್ಲೇ ಮುಗಿಯುತ್ತೆ ಮಾರಾಯ, ಅಳಿಯನ ಕೈ ಸುಮ್ನಿರಲ್ಲ. ಬಫೆಯಲ್ಲಿ ತಟ್ಟೆ ಹಿಡಿದು ಅಡ್ಡಾಡುತ್ತಾ ರೇಟ್ ಮಾತಾಡಲು ಆಗುವುದಿಲ್ಲ. ಕೂತು ಎರಡು ತಾಸು ಮಾತಾಡಬೇಕು, ಅದಕ್ಕೇ ಊಟ.

ಸಂಡೂರು ಘಾಟಿ:

ಅಣ್ಣಾ, ನಿಮ್ಮ ಕಥೆ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ 38ರಂಥ ಸಾಲಿನ ತಟ್ಟೆಗಳನ್ನು ನಾನೇ ಎಷ್ಟು ಟೇಬಲ್‌ಗೆ ಒಯ್ದಿದ್ದೇನೋ. ಮೊದಲು ಹಡಗಿನ ಅಡುಗೆಮನೆ, ಆಮೇಲೆ ವೇಗಸ್ ಸ್ಟ್ರಿಪ್ ಅನ್ನುವ ದೊಡ್ಡ ಹೋಟೆಲ್‌ಗಳ ರಸ್ತೆಯಲ್ಲಿ ಒಂದು ರೆಸಾರ್ಟ್‌ನ ಸ್ಟೇಕ್‌ಹೌಸ್. ಒಟ್ಟು 9 ವರ್ಷ. ಈಗ ಸಂಡೂರಿಗೆ ವಾಪಸ್ ಬಂದು ಖಾನಾವಳಿ ಇಟ್ಟಿದ್ದೇನೆ. ಇಲ್ಲಿ ಜೋಳದ ರೊಟ್ಟಿ, ಮಟನ್ ಸಾರು. ನೀರು ಫ್ರೀ.

ಮೊದಲು ಒಂದು ಮಾತು. ಸ್ಟೇಕ್‌ಹೌಸ್ ಬಿಲ್ ಏರುವುದು ಬರೀ ಮಾಂಸದಿಂದ ಅಲ್ಲ. ಅದರ ಸುತ್ತ ಬರುವ ಸಾಮಾನಿನಿಂದ. ನೀರು, ಕಾಕ್‌ಟೇಲ್, ಬಾಯಲ್ಲಿ ಹೇಳುವ ಸ್ಪೆಷಲ್, ಒಬ್ಬೊಬ್ಬರಿಗೆ ಒಂದೊಂದು ಸೈಡು, ಅಂದರೆ ಪಕ್ಕದ ಪಲ್ಯ. ನಮ್ಮ ಮ್ಯಾನೇಜರ್ ಸಂಜೆ 4ಕ್ಕೆ ನಮ್ಮನ್ನೆಲ್ಲ ನಿಲ್ಲಿಸಿ ಮಾತಾಡುತ್ತಿದ್ದ. ಸ್ಟೇಕ್ ಬಗ್ಗೆ ಒಂದು ನಿಮಿಷ. ನೀರಿನ ಬಾಟಲಿ ಬಗ್ಗೆ ಐದು ನಿಮಿಷ. 'ಸ್ಟಿಲ್ಲಾ, ಸ್ಪಾರ್ಕ್ಲಿಂಗಾ' ಅನ್ನುವ ಪ್ರಶ್ನೆಯಲ್ಲಿ ಮೂರನೇ ಉತ್ತರ ಬೇಕಂತಲೇ ಬಿಟ್ಟಿರುತ್ತಾರೆ. 'ಟ್ಯಾಪ್ ವಾಟರ್ ಈಸ್ ಫೈನ್' ಅನ್ನಿ. ಐಸ್ ಹಾಕಿದ ನಲ್ಲಿ ನೀರು ಗ್ಲಾಸ್ ತುಂಬ ಬರುತ್ತದೆ, ಖಾಲಿಯಾದಂತೆ ಮತ್ತೆ ತುಂಬುತ್ತಾರೆ. ಅದನ್ನೇ ಕುಡಿಯುವ ಕೋಟ್ಯಧೀಶರನ್ನು ನೋಡಿದ್ದೇನೆ. ನಾಚಿಕೆ ಏನೂ ಇಲ್ಲ.

ಬಾಯಲ್ಲಿ ಹೇಳುವ ಸ್ಪೆಷಲ್‌ಗೆ ದರ ಕೇಳಲೇಬೇಕು. ಕೇಳಿದರೆ ಯಾರೂ ಕೆಳಗೆ ನೋಡುವುದಿಲ್ಲ, ಹೇಳುತ್ತಾರೆ ಅಷ್ಟೇ. ಮೆನುವಿನಲ್ಲಿ 'ಎಂಪಿ' ಅಂತ ಇದ್ದರೂ ಅದೇ ಮಾತು. ಮಾರ್ಕೆಟ್ ಪ್ರೈಸ್ ಅಂತ ಅದರ ಅರ್ಥ, ಅಂದರೆ ಬರೆದಿಲ್ಲ, ಕೇಳಿ ತಿಳಿದುಕೋ ಅಂತ.

ಈಗ ಮಾಂಸ. ನೀವು ತಿನ್ನದಿದ್ದರೂ ದುಡ್ಡು ಕೊಡುವವರು ನೀವು, ಗೊತ್ತಿರಲಿ.

ಮೆನುವಿನಲ್ಲಿ ಬರೆದ ಔನ್ಸ್ ಹಸಿ ತೂಕ. 12 ಔನ್ಸ್ ಅಂದರೆ 340 ಗ್ರಾಂ. ಬೆಂದಾಗ ಕಾಲು ಭಾಗದ ಹತ್ತಿರ ಇಳಿಯುತ್ತದೆ. ನಿಮ್ಮ ಭಾಷೆಯಲ್ಲಿ ಶ್ರಿಂಕೇಜ್. ಡ್ರೈ ಏಜ್ಡ್ ಅಂತ ಇದ್ದರೆ ಒಲೆಗೆ ಬರುವ ಮೊದಲೇ ವಾರಗಟ್ಟಲೆ ತಣ್ಣನೆ ಕೋಣೆಯಲ್ಲಿ ತೂಗುಹಾಕಿ ನೀರು ಆರಿಸಿರುತ್ತಾರೆ. ಒಣಗಿದ ಹೊರಪದರ ಕೊಯ್ದು ಬಿಸಾಡುತ್ತಾರೆ. ಆ ನಷ್ಟ ಎಲ್ಲ ದರದಲ್ಲಿ ಸೇರಿರುತ್ತದೆ. ರುಚಿ ನಿಜವಾಗಿ ಬೇರೆ. ಆದರೆ ಬೇರೆ ಅಂತ ಗೊತ್ತಾಗುವವರಿಗೆ ಮಾತ್ರ ಆ ದುಡ್ಡು.

ವಾಗ್ಯೂ ಎ5 ಅಂದರೆ ಜಪಾನಿನವರ ಗುರುತು. ಎ, ಬಿ, ಸಿ ಅನ್ನುವುದು ಒಂದು ದನದಿಂದ ಎಷ್ಟು ಮಾಂಸ ಸಿಕ್ಕಿತು ಅಂತ. 1ರಿಂದ 5 ಅನ್ನುವುದು ಗುಣ. ಎ5 ಅಂದರೆ ಎರಡರಲ್ಲೂ ತುದಿ. ಬೆಣ್ಣೆ ಹಾಗೆ ಕೊಬ್ಬು. ಮೂರು ಔನ್ಸ್ ದಾಟಿದರೆ ಬಾಯಿ ಕಟ್ಟುತ್ತದೆ. ನಿಮ್ಮ ಬೈಯರ್ ಆರು ತಿಂದರು ಅಂದರೆ ಗಟ್ಟಿ ಆಸಾಮಿ.

ಪ್ರೈಮ್ ಅನ್ನುವುದು ಅಮೆರಿಕದ ಕೃಷಿ ಇಲಾಖೆ ಕೊಡುವ ದರ್ಜೆ. ಪ್ರೈಮ್, ಅದರ ಕೆಳಗೆ ಚಾಯ್ಸ್, ಅದರ ಕೆಳಗೆ ಸೆಲೆಕ್ಟ್. ಮಾಂಸದ ನಡುವೆ ಕೊಬ್ಬಿನ ಗೆರೆ ಎಷ್ಟಿದೆ ಅನ್ನುವುದರ ಮೇಲೆ ಹೆಚ್ಚಿನಂಶ ನಿಂತಿದೆ. ಆದರೆ 'ಪ್ರೈಮ್ ರಿಬ್' ಅನ್ನುವುದು ದರ್ಜೆ ಅಲ್ಲ, ತುಂಡಿನ ಹೆಸರು. ಆಂಗಸ್ ಅನ್ನುವುದೂ ದರ್ಜೆ ಅಲ್ಲ, ತಳಿ. ಸೋನಾ ಮಸೂರಿ ಅಂದ ಮಾತ್ರಕ್ಕೆ ಅಕ್ಕಿ ಚೆನ್ನಾಗಿದೆ ಅಂತ ಅಲ್ಲವಲ್ಲ, ಹಾಗೆ.

ಎಲ್ಲರ ಕಣ್ಣು ಹೋಗುವುದು ಟೊಮಾಹಾಕ್ ಮೇಲೆ. ಉದ್ದ ಪಕ್ಕೆಲುಬು ಬಿಟ್ಟಿರುತ್ತಾರೆ, ಕೊಡಲಿ ಹಾಗೆ ಕಾಣುತ್ತದೆ. ಒಳಗಿರುವುದು ಅದೇ ರಿಬ್‌ಐ, ಪಕ್ಕೆಲುಬಿನ ಕಡೆಯ ಮಾಂಸ. ಎಲುಬೂ ತೂಕದಲ್ಲಿ ಸೇರುತ್ತದೆ. ಬಳ್ಳಾರಿ ಮಟನ್ ಅಂಗಡಿಯಲ್ಲಿ 'ಎಲುಬು ಜಾಸ್ತಿ ಹಾಕಬೇಡಪ್ಪಾ' ಅಂತ ಜಗಳ ಮಾಡುವ ನಾವು ಅಲ್ಲಿ ಎಲುಬಿಗೇ ಡಾಲರ್ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಫಿಲೆ ಮಿನ್ಯೋನ್ ಅನ್ನುವ ತುಂಡು ಮೆತ್ತಗೆ, ಆದರೆ ಔನ್ಸ್ ಲೆಕ್ಕದಲ್ಲಿ ದುಬಾರಿ, ರುಚಿ ಸಪ್ಪೆ. ಅಡುಗೆಮನೆಯವರು ಮನೆಗೆ ಒಯ್ಯುತ್ತಿದ್ದದ್ದು ಹ್ಯಾಂಗರ್, ಫ್ಲಾಟ್ ಐರನ್. ಹ್ಯಾಂಗರ್ ಒಂದು ದನಕ್ಕೆ ಒಂದೇ ಸಿಗುವ ತುಂಡು. ಫ್ಲಾಟ್ ಐರನ್ ಭುಜದ ಕಡೆಯದು, ಮೆತ್ತಗಿರುವುದರಲ್ಲಿ ಫಿಲೆ ಬಿಟ್ಟರೆ ಅದೇ. ಮೆನುವಿನ ಕೆಳಗಿನ ಮೂಲೆಯಲ್ಲಿ ಇರುತ್ತವೆ, ದರವೂ ಕೆಳಗೆ.

ಆದರೆ ಅತಿಥಿಗಳಿಗೆ 'ಇದು ತಿನ್ನಿ' ಅನ್ನಲು ಬರುವುದಿಲ್ಲ ಅಲ್ವಾ. ಅದಕ್ಕೆ ಪೋರ್ಟರ್‌ಹೌಸ್. ಟಿ ಆಕಾರದ ಎಲುಬು, ಒಂದು ಕಡೆ ಸ್ಟ್ರಿಪ್ ಅನ್ನುವ ಬೆನ್ನಿನ ತುಂಡು, ಇನ್ನೊಂದು ಕಡೆ ಫಿಲೆ. ಇಬ್ಬರಿಗೆ ಅಂತಲೇ ಮೆನುವಿನಲ್ಲಿ ಇರುತ್ತದೆ. ಕೊಯ್ದು ತಟ್ಟೆಯಲ್ಲಿ ಜೋಡಿಸಿ ತಂದಿಡುತ್ತಾರೆ, ನೋಡಲು ಭರ್ಜರಿ. ನಿಮ್ಮವರು ಗಂಡ ಹೆಂಡತಿ ಬೇರೆ. ಕೂತ ಮೇಲೆ 'ಇಲ್ಲಿ ಪೋರ್ಟರ್‌ಹೌಸ್ ಚೆನ್ನಾಗಿರುತ್ತೆ ಅಂತ ಕೇಳಿದ್ದೆವು' ಅಂತ ಅಳಿಯ ಒಂದು ಮಾತು ಬಿಡಲಿ. ನೂರಕ್ಕೆ ಎಂಬತ್ತು ಜನ ಅದನ್ನೇ ಹಿಡಿಯುತ್ತಾರೆ, ನನ್ನ ಅನುಭವ.

ವೈನ್ ಕೇಳಿದರೆ ಲಿಸ್ಟ್ ನಿಮ್ಮ ಕೈಗೆ ಬರುತ್ತದೆ. ಬಾಯಲ್ಲಿ ದರ ಹೇಳಬೇಡಿ. 80, 85ರ ಒಂದು ಸಾಲಿನ ಮೇಲೆ ಬೆರಳಿಟ್ಟು, ಹೆಸರಿನ ಮೇಲಲ್ಲ, ದರದ ಮೇಲೆ, 'ಸಂಥಿಂಗ್ ಲೈಕ್ ದಿಸ್' ಅನ್ನಿ. ವೈನ್ ನೋಡಿಕೊಳ್ಳುವವನಿಗೆ ಅರ್ಥವಾಗುತ್ತದೆ. ಅದೇ ಅಂದಾಜಿನಲ್ಲಿ ತರುತ್ತಾನೆ. ಅತಿಥಿಗಳಿಗೆ ಸುಳಿವೇ ಸಿಗುವುದಿಲ್ಲ. ನಾಲ್ಕು ಕಾಕ್‌ಟೇಲ್‌ಗಿಂತ ಒಂದು ಬಾಟಲಿ ಅಗ್ಗ.

ಸೈಡುಗಳು, ಅಂದರೆ ಆಲೂಗಡ್ಡೆ, ಪಾಲಕ್, ಅಣಬೆ, ಬೇರೆಯಾಗಿಯೇ ತರಿಸಬೇಕು. ಒಂದು ಬಟ್ಟಲು ಮೂವರಿಗೆ ಸಾಕು. ನಾಲ್ಕು ಜನಕ್ಕೆ ಮೂರು ಸಾಕೇ ಸಾಕು. ಬ್ರೆಡ್ಡು ಬೆಣ್ಣೆ ಬಹಳ ಕಡೆ ದುಡ್ಡಿಲ್ಲದೆ ಬರುತ್ತದೆ.

ನಿಮಗೂ ಅಳಿಯನಿಗೂ ಮುಖ್ಯವಾದದ್ದು: ಕೋಳಿ ಹೇಳಿದರೂ ಮೇಲೆ ಸುರಿಯುವ ಸಾಸ್ ದನದ ಎಲುಬಿನ ರಸದಿಂದ ಮಾಡಿರಬಹುದು. ಫ್ರೆಂಚ್ ಫ್ರೈಸ್ ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೆಲವು ಕಡೆ ಬಾತುಕೋಳಿ ಕೊಬ್ಬಿನಲ್ಲಿ. ಪಾಲಕ್‌ನಲ್ಲಿ ಹಂದಿ ಬೇಕನ್ ಇರಬಹುದು. ಬುಕಿಂಗ್ ಮಾಡುವಾಗಲೇ 'ನೋ ಬೀಫ್, ಇಂಕ್ಲೂಡಿಂಗ್ ಸ್ಟಾಕ್ ಅಂಡ್ ಫ್ಯಾಟ್' ಅಂತ ಬರೆಸಿ. ಟೇಬಲ್‌ನಲ್ಲಿ ಕೂತು ಹತ್ತು ನಿಮಿಷ ವಿಚಾರಣೆ ಮಾಡುವುದು ತಪ್ಪುತ್ತದೆ.

ಇನ್ನೊಂದು. ಸಂಜೆ 5, 5:30ಕ್ಕೆ ಹೋದರೆ ಕೆಲವು ಕಡೆ ಮೂರು ಐಟಂನ ಸೆಟ್ ಮೆನು ಕೊಡುತ್ತಾರೆ, ಶೋಗೆ ಹೋಗುವವರಿಗೆ ಅಂತ. ಫೋನ್ ಮಾಡಿ ಕೇಳಿ. ಕೊಟ್ಟರೆ ಅದಕ್ಕಿಂತ ಅಗ್ಗ ಬೇರೆ ಇಲ್ಲ.

ರಾಯಚೂರು ಬಿಸಿಲು:

ಸಂಡೂರಿನ ಅಣ್ಣಾವ್ರು ಬರೆದದ್ದು ಸೇವ್ ಮಾಡಿ ಇಟ್ಟುಕೊಂಡೆ. ನಾನು ರಾಯಚೂರಿನವಳು, ಈಗ ಫೀನಿಕ್ಸ್‌ನಲ್ಲಿದ್ದೇನೆ. ಕಾರಿನಲ್ಲಿ ಐದು ತಾಸು, ವರ್ಷಕ್ಕೊಮ್ಮೆಯಾದರೂ ವೇಗಸ್ ಆಗುತ್ತದೆ. ನಮ್ಮ ಮನೆಯವರು ಪೂರಾ ಸಸ್ಯಾಹಾರಿ. ಸ್ಟೇಕ್‌ಹೌಸ್‌ಗೆ ಬಂದರೆ ಅವರಿಗೆ ಸೈಡುಗಳೇ ಊಟ. ಮ್ಯಾಶ್ಡ್ ಪೊಟೇಟೊ, ಮ್ಯಾಕ್ ಅಂಡ್ ಚೀಸ್, ಶತಾವರಿ. ಮೂರೂ ತಂದಿಟ್ಟುಕೊಂಡು 'ಇದರಲ್ಲಿ ಒಂದಕ್ಕೂ ಒಗ್ಗರಣೆ ಇಲ್ಲ' ಅಂತ ಪ್ರತಿ ಸಲ ಹೇಳುತ್ತಾರೆ. ಪ್ರತಿ ಸಲ ಪೂರಾ ತಿನ್ನುತ್ತಾರೆ.

ಒಂದು ಮಾತು ಒಪ್ಪುವುದಿಲ್ಲ. ಅಳಿಯನ ಕೈಲಿ ಪೋರ್ಟರ್‌ಹೌಸ್ ಹೇಳಿಸುವುದು ಸರಿ, ಆದರೆ ಆ ಹೆಂಗಸು ಸಣ್ಣ ಫಿಲೆ ಬೇಕು ಅಂದರೆ ಬಿಟ್ಟುಬಿಡಿ. ಒತ್ತಾಯ ಮಾಡಿದರೆ ದುಡ್ಡು ಉಳಿಸುತ್ತಿದ್ದೀರಿ ಅಂತ ಗೊತ್ತಾಗೇ ಆಗುತ್ತದೆ. ಹೆಂಗಸರಿಗೆ ಮೊದಲು ಗೊತ್ತಾಗುತ್ತದೆ.

ಒಂದು ಸೂಚನೆ ರೂಮಿನ ಬಗ್ಗೆ. ದೊಡ್ಡ ರೆಸಾರ್ಟ್‌ಗಳಲ್ಲಿ ರೂಮ್ ಬಾಡಿಗೆಯ ಮೇಲೆ ದಿನಕ್ಕೆ ಇಷ್ಟು ಅಂತ ರೆಸಾರ್ಟ್ ಫೀ ಬೇರೆ ಇರುತ್ತದೆ. ಮೊದಲೆಲ್ಲ ಕೊನೆಗೆ ತೋರಿಸುತ್ತಿದ್ದರು. 2025ರ ಮೇ ತಿಂಗಳಿಂದ ಅಲ್ಲಿನ ನಿಯಮದ ಪ್ರಕಾರ ಕಡ್ಡಾಯ ಫೀ ಎಲ್ಲ ಸೇರಿಸಿ ಮೊದಲೇ ದರ ತೋರಿಸಬೇಕು. ಆದರೂ ಒಮ್ಮೆ ನೋಡಿಕೊಳ್ಳಿ. ರೂಮಿನಲ್ಲಿ ಮಿನಿಬಾರ್ ಮುಟ್ಟಬೇಡಿ. ಕೆಲವು ಕಡೆ ಬಾಟಲಿ ಎತ್ತಿದರೇ ಬಿಲ್ ಬೀಳುತ್ತದೆ, ಕೆಳಗೆ ಸೆನ್ಸರ್ ಇರುತ್ತದೆ. ನಮ್ಮ ಮಗ ಚಾಕೊಲೇಟ್ ಎತ್ತಿ ವಾಪಸ್ ಇಟ್ಟಿದ್ದಕ್ಕೂ ಬಿಲ್ ಬಂದಿತ್ತು. ಕೌಂಟರ್‌ನಲ್ಲಿ ಹೇಳಿ ತೆಗೆಸಿದೆವು.

ಮತ್ತೆ, ನಿಮ್ಮಿಬ್ಬರಿಗೇ ಒಂದು ಸಂಜೆ ನೋಡುವ ಆಸೆ ಇದ್ದರೆ ಹಳೇ ಊರಿನ ಕಡೆ ಹೋಗಿ. ಪ್ಲಾಜಾ ಹೋಟೆಲ್‌ನಲ್ಲಿ ಆಸ್ಕರ್ಸ್ ಅಂತ ಸ್ಟೇಕ್‌ಹೌಸ್ ಇದೆ. ಗಾಜಿನ ಗುಮ್ಮಟದೊಳಗೆ ಕೂತರೆ ಫ್ರೀಮಾಂಟ್ ಬೀದಿ ಪೂರಾ ಕಾಣುತ್ತದೆ. ಊರಿನ ಮೇಯರ್ ಆಗಿದ್ದವರ ಹೆಸರಲ್ಲಿ ಇಟ್ಟದ್ದು. ಸಹಾರಾ ರಸ್ತೆಯಲ್ಲಿ ಗೋಲ್ಡನ್ ಸ್ಟಿಯರ್ ಅನ್ನುವ ಸ್ಟೇಕ್‌ಹೌಸ್ ಇದೆ, 1958ರದ್ದು, ರೆಸಾರ್ಟ್ ಒಳಗಿನದ್ದಲ್ಲ. ಬೇಗ ಬುಕ್ ಮಾಡಬೇಕು ಅಷ್ಟೇ. ಆಗಸ್ಟ್ ಬಿಸಿಲು ನಿಮಗೇನೂ ಹೊಸದಲ್ಲ ಬಿಡಿ, 40 ದಾಟಿದರೆ ಅಮೆರಿಕದವರು ಗೋಳಾಡುತ್ತಾರೆ, ನಾವು ರಾಯಚೂರು ಬಳ್ಳಾರಿಯವರು ಟೀ ಕುಡಿಯುತ್ತೇವೆ.

ಮೋತಿ ಸರ್ಕಲ್:

ಭಾಯ್, ನಾನೂ ಜೀನ್ಸ್ ಲೈನ್‌ನವನೇ. ಎರಡು ಸಲ ಹೋಗಿದ್ದೇನೆ. ನಾವು ಹಲಾಲ್ ನೋಡುತ್ತೇವೆ, ಹಾಗಾಗಿ ಅಲ್ಲಿ ನಮಗೆ ಮೀನು ಒಂದೇ. ಸಾಲ್ಮನ್ ಅಥವಾ ಸೀ ಬಾಸ್ ಹೇಳಿ, ಬೇರೆ ಪ್ಯಾನ್‌ನಲ್ಲಿ ಮಾಡಿ, ಸಾಸ್ ಬೇಡ, ನಿಂಬೆಹಣ್ಣು ಸಾಕು ಅಂತ ಹೇಳಿಬಿಡಿ. ಮಾಡಿಕೊಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ಕೋಳಿಗಿಂತ ಮೀನೇ ಅಲ್ಲಿ ಚೆನ್ನಾಗಿರುತ್ತೆ. ಕೋಳಿಗೆ ಉಪ್ಪು ಬಿಟ್ಟರೆ ಏನೂ ಇರಲ್ಲ.

ಬಿಲ್ ಬಂದಾಗ ಕನ್ನಡಕ ಹಾಕಿಕೊಂಡು ಓದಿ. ಸರ್ವಿಸ್ ಚಾರ್ಜ್ ಅಥವಾ ಗ್ರಾಚುಟಿ ಅಂತ ಅವರೇ ಸೇರಿಸಿದ್ದರೆ ಮತ್ತೆ ಟಿಪ್ಸ್ ಬರೆಯಬೇಕಿಲ್ಲ. ನಾನು ಒಮ್ಮೆ ಎರಡೆರಡು ಸಲ ಕೊಟ್ಟು ಬಂದೆ. ಆ ಹುಡುಗ ಬಾಗಿಲ ತನಕ ಬಂದು ಬೀಳ್ಕೊಟ್ಟ. ನನ್ನ ಮುಖ ನೋಡಿ ಅಂದುಕೊಂಡಿದ್ದೆ.

ಸಂಡೂರು ಘಾಟಿ:

ಭಾಯ್ ಹೇಳಿದ್ದು ಸರಿ. ಎಂಟು ಹತ್ತು ಜನ ಇದ್ದರೆ ಸಾಮಾನ್ಯವಾಗಿ ಸೇರಿಸುತ್ತಾರೆ, ಕೆಲವರು ಆರಕ್ಕೇ. ಸೇರಿಸದಿದ್ದರೆ 18ರಿಂದ 20 ಪರ್ಸೆಂಟ್ ಕೊಡಿ. ಅದರಲ್ಲಿ ಉಳಿಸಬೇಡಿ ಅಣ್ಣಾ. ಅಲ್ಲಿ ನಮ್ಮ ಹೊಟ್ಟೆ ನಡೆಯುತ್ತಿದ್ದದ್ದೇ ಅದರಲ್ಲಿ. ತೆರಿಗೆ ಸೇರಿಸುವ ಮೊದಲಿನ ಮೊತ್ತಕ್ಕೆ ಲೆಕ್ಕ ಹಾಕಿದರೆ ಸಾಕು. ತೆರಿಗೆ ಅಲ್ಲಿ 8.375 ಪರ್ಸೆಂಟ್.

ಅಕ್ಕಾ, ಫಿಲೆ ವಿಷಯ ಒಪ್ಪಿದೆ. ನಾನು ವೇಟರ್ ಬುದ್ಧಿಯಲ್ಲಿ ಬರೆದೆ.

ಕೌಲ್‌ಬಜಾರ್ ಕತ್ತರಿ:

ಎಲ್ಲ ಪ್ರಿಂಟ್ ತೆಗೆಸಿ ಅಳಿಯನ ಕೈಗೆ ಕೊಟ್ಟಿದ್ದೇನೆ. ಒಂದು ಅನುಮಾನ ಉಳಿಯಿತು. ಬಿಲ್ ಟೇಬಲ್‌ಗೆ ಬಂದಾಗ ಅವರೂ ಕಾರ್ಡ್ ತೆಗೆಯುತ್ತಾರೆ, ನಾನೂ ತೆಗೆಯುತ್ತೇನೆ, ಆ ಎಳೆದಾಟ ನನಗೆ ಆಗಿಬರಲ್ಲ. ಹೋದ ಸಲ ಬಿಲ್ ನೋಡಿ ನನ್ನ ಮುಖ ಬಿಳಚಿಕೊಂಡದ್ದು ಆ ಬೈಯರ್‌ಗೂ ಕಾಣಿಸಿರಬೇಕು.

ಸಂಡೂರು ಘಾಟಿ:

ಹತ್ತು ನಿಮಿಷ ಮೊದಲು ಹೋಗಿ. ಬಾಗಿಲಲ್ಲಿ ನಿಂತಿರುವವರ ಕೈಗೆ ಕಾರ್ಡ್ ಕೊಟ್ಟು 'ಬಿಲ್ ಟೇಬಲ್‌ಗೆ ತರಬೇಡಿ, ನಾನೇ ಬರುತ್ತೇನೆ' ಅನ್ನಿ. ಕೊನೆಗೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಸಹಿ ಹಾಕಿ ಬನ್ನಿ. ಬಿಳಚಿಕೊಳ್ಳುವುದಿದ್ದರೆ ಅಲ್ಲೇ ಬಿಳಚಿಕೊಳ್ಳಿ.

ಕೌಲ್‌ಬಜಾರ್ ಕತ್ತರಿ (ಸೆಪ್ಟೆಂಬರ್‌ನಲ್ಲಿ ಬರೆದದ್ದು):

ಹೋಗಿ ಬಂದೆವು. ತಡವಾಗಿ ಬರೆಯುತ್ತಿದ್ದೇನೆ, ಹಬ್ಬದ ಆರ್ಡರ್ ಗಡಿಬಿಡಿ.

ಅವರಿದ್ದ ರೆಸಾರ್ಟ್‌ಗೆ ಅಳಿಯ ಮೊದಲೇ ಫೋನ್ ಮಾಡಿದ. ಸೆಟ್ ಮೆನು ಇಲ್ಲ ಅಂದರು. ಬೀಫ್ ಬೇಡ ಅನ್ನುವುದನ್ನು ಬರೆದುಕೊಂಡರು. ಮೇಳದ ಕೊನೆಯ ದಿನ, ರ್ಯಾಕ್ ಖಾಲಿ ಮಾಡಿ, ಸ್ನಾನ ಮಾಡಿ ಆರೂವರೆಗೆ ಹೋದೆವು. ಎಸಿ ಎಷ್ಟಿತ್ತೆಂದರೆ ಅಳಿಯ ಸ್ಯಾಂಪಲ್ ಜಾಕೆಟ್ ಹಾಕಿಕೊಂಡ. ಆ ಹೆಂಗಸು ಅದರ ಹೊಲಿಗೆ ಮುಟ್ಟಿ ನೋಡಿದರು. ಊಟಕ್ಕೆ ಮೊದಲೇ ವ್ಯಾಪಾರ ಶುರುವಾಯಿತು!

ನೀರಿನ ಪ್ರಶ್ನೆ ಬಂತು. ಅಳಿಯ ನನ್ನ ಮುಖ ನೋಡಿದ. ನಾನೇ ಹೇಳಿದೆ, 'ಟ್ಯಾಪ್ ವಾಟರ್.' ನನ್ನ ಜೀವನದಲ್ಲಿ ಅಷ್ಟು ಚೆಂದದ ಇಂಗ್ಲಿಷ್ ಮಾತಾಡಿದ್ದಿಲ್ಲ. ಬೈಯರ್ ಕೂಡ 'ಸೇಮ್' ಅಂದರು.

ಪೋರ್ಟರ್‌ಹೌಸ್ ಬಗ್ಗೆ ಅಳಿಯ ಬಾಯಿ ತೆರೆಯುವ ಮೊದಲೇ ಅವರಿಬ್ಬರೂ 'ನಾವು ಯಾವಾಗಲೂ ಪೋರ್ಟರ್‌ಹೌಸ್ ಹಂಚಿಕೊಳ್ಳುತ್ತೇವೆ' ಅಂದುಬಿಟ್ಟರು. ಎರಡು ವಾರ ಪ್ರಾಕ್ಟೀಸ್ ಮಾಡಿದ್ದ ಪಾಪ.

ತಟ್ಟೆ ಬಂದಾಗ ನೋಡಿದೆ. ತಿನ್ನದಿದ್ದರೂ ನೋಡಲು ಏನಂತೆ. ಹೊರಗೆ ಕಪ್ಪಗೆ ಸುಟ್ಟಿದೆ, ಕೊಯ್ದ ಕಡೆ ಕೆಂಪಗಿದೆ, ಅಂಚಿನಲ್ಲಿ ಕೊಬ್ಬು ಇನ್ನೂ ಚುರುಗುಟ್ಟುತ್ತಿದೆ. ಎಲುಬನ್ನು ನಡುವೆ ನಿಲ್ಲಿಸಿ ಎರಡೂ ಕಡೆ ತುಂಡು ಜೋಡಿಸಿದ್ದರು. ಕಟಿಂಗ್ ಮಾಸ್ಟರ್ ಕೈ ಕೆಲಸದ ಹಾಗಿತ್ತು, ಒಂದೂ ತುಂಡು ಹೆಚ್ಚುಕಡಿಮೆ ಇಲ್ಲ. ನಾನು ಕೋಳಿ ಹೇಳಿದ್ದೆ. ಮೋತಿ ಸರ್ಕಲ್ ಭಾಯ್ ಮಾತು ಕೇಳಬೇಕಿತ್ತು. ಅಳಿಯನ ಮೀನು ಚೆನ್ನಾಗಿತ್ತು.

ಬಿಲ್ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಆಗುತ್ತದೆ. ಪೋರ್ಟರ್‌ಹೌಸ್ 148. ಕೋಳಿ 42. ಮೀನು 46. ಸಲಾಡ್ ಎರಡು, ಒಂದೊಂದು 19. ಸೈಡು ಮೂರು, ಒಂದೊಂದು 16. ಬೆರಳಿಟ್ಟು ತೋರಿಸಿದ ವೈನ್ 85, ಸರಿಯಾಗಿ ಬೆರಳಿಟ್ಟ ದರವೇ. ಚಾಕೊಲೇಟ್ ಕೇಕ್ ಒಂದು, ನಾಲ್ಕು ಚಮಚ, 17. ಒಟ್ಟು 424. ತೆರಿಗೆ 35.51. ಟಿಪ್ಸ್ 20 ಪರ್ಸೆಂಟ್, 84.80. ಎಲ್ಲ ಸೇರಿ 544.31.

500 ದಾಟಿತು. ಸಲಾಡ್ ಒಂದೇ ಹೇಳಿದ್ದರೆ, ಕೇಕ್ ಬಿಟ್ಟಿದ್ದರೆ ಒಳಗೇ ಇರುತ್ತಿತ್ತು. ಕೇಕ್ ಆ ಹೆಂಗಸೇ ಕೇಳಿದ್ದು, ಬೇಡ ಅನ್ನಲಾಗುತ್ತದಾ? ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು ಇನ್ನೊಂದು: ನಮ್ಮ ಕ್ರೆಡಿಟ್ ಕಾರ್ಡ್‌ನವರು ವಿದೇಶದ ಖರ್ಚು ಅಂತ 3.5 ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ ಹಾಕಿದ್ದಾರೆ. ಎರಡು ಸಾವಿರ ರೂಪಾಯಿ ಹತ್ತಿರ ಅದೇ ಆಯಿತು. ಅದನ್ನು ಯಾರೂ ಹೇಳಲಿಲ್ಲವಲ್ಲ! ಮುಂದಿನ ಸಲ ಬೇರೆ ಕಾರ್ಡ್.

ಹೋದ ಸಲ ಮೂವರಿಗೆ 700. ಈ ಸಲ ನಾಲ್ವರಿಗೆ 544. ಹೊಟ್ಟೆಯೂ ತುಂಬಿತ್ತು, ಉಳಿದದ್ದನ್ನು ಅವರು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋದರು. ಬಿಲ್ ಟೇಬಲ್‌ಗೆ ಬರಲೇ ಇಲ್ಲ. ನಾನು ಬಾಗಿಲ ಹತ್ತಿರ ನಿಂತು ಫೋನ್‌ನಲ್ಲಿ ಕೂಡಿಸಿ ಕಳೆದು ಸಹಿ ಹಾಕುತ್ತಿದ್ದಾಗ ಆ ಗಂಡಸು ಹಿಂದಿನಿಂದ ಬಂದು ಭುಜ ಮುಟ್ಟಿ, 'ನನ್ನ ಹೆಂಡತಿಗೆ ಆ ಜಾಕೆಟ್ ಬೇಕಂತೆ' ಅಂದರು. ಅಳಿಯ ಅಲ್ಲೇ ಬಿಚ್ಚಿ ಕೊಟ್ಟ. ವಾಪಸ್ ಹೋಗುವಾಗ ಕ್ಯಾಬ್‌ನಲ್ಲಿ ಎಸಿ ಕಡಿಮೆ ಮಾಡಿಸಿದ.

ಆರ್ಡರ್ ಬಂದಿದೆ. 600 ಪೀಸ್, ಸಣ್ಣದು. ಸುಂಕದ ಗಲಾಟೆಯಲ್ಲಿ ಉಳಿಯುವುದು ಪಾವಲಿ ಅಷ್ಟೇ. ಆದರೂ ಶುರುವಾಯಿತು. ಸಂಡೂರಿನ ಅಣ್ಣಾ, ನಿಮ್ಮ ಖಾನಾವಳಿ ಎಲ್ಲಿದೆ ಹೇಳಿ. ಭಾನುವಾರ ಅಳಿಯನನ್ನು ಕರೆದುಕೊಂಡು ಬರುತ್ತೇನೆ.

ಸಂಡೂರು ಘಾಟಿ:

ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಭಾನುವಾರ ಒಂದು ಗಂಟೆಯ ಮೇಲೆ ಬಂದರೆ ಚಾಪ್ಸ್ ಉಳಿದಿರಲ್ಲ, ಬೇಗ ಬನ್ನಿ. ಸ್ಟಿಲ್ಲಾ ಸ್ಪಾರ್ಕ್ಲಿಂಗಾ ಅಂತ ಕೇಳುತ್ತೇನೆ, ಉತ್ತರ ರೆಡಿ ಇಟ್ಟುಕೊಂಡಿರಿ.